ಎತ್ತಿ ಕುಡಿದ ವೈನು

ನಮ್ಮ ಮನೆಯ ಪಡಸಾಲೆಯ ಗೂಡಿನಲ್ಲಿ ಉದ್ದ ಕಾಲಿನ ಗಾಜಿನ ಲೋಟವೊಂದಿದೆ. ವೈನು ಕುಡಿಯುವ ಲೋಟ. ಅದರ ತುಂಬ ನನ್ನ ಹೆಂಡತಿ ಪದ್ಮಾ ಸೇಫ್ಟಿ ಪಿನ್ನು ಹಾಕಿಟ್ಟಿದ್ದಾಳೆ. ಅಡಿಗೆ ಮನೆಯೊಳಕ್ಕೆ ಅದಕ್ಕೆ ಪ್ರವೇಶವಿಲ್ಲ, ದೇವರ ಕೋಣೆಯ ಮಾತಂತೂ ಬಿಡಿ. ಇಂಡಿಯಂಥ ಊರಲ್ಲಿ ಒಬ್ಬ ನಿವೃತ್ತ ಮಾಸ್ತರನ ಮನೆಯಲ್ಲಿ, ಅದೂ ಉಳ್ಳಾಗಡ್ಡಿಯನ್ನು ಅಂಗಳದಲ್ಲೇ ನಿಲ್ಲಿಸಿ ವಾಪಸು ಕಳಿಸುವ ವೈಷ್ಣವರ ಮನೆಯಲ್ಲಿ, ಇಂಥ ಲೋಟ ಎಲ್ಲಿಂದ ಬಂತು ಎಂದು ಬಂದವರೆಲ್ಲ ಕೇಳುತ್ತಾರೆ. ಪದ್ಮಾ, "ಇವರಿಗೆ ಬಹುಮಾನ ಬಂದದ್ದರಿ" ಎಂದು ಹೇಳಿ ಚಹಾ ಮಾಡಲು ಎದ್ದುಹೋಗುತ್ತಾಳೆ. ಯಾವುದರಲ್ಲಿ ಬಹುಮಾನ ಎಂದು ಮುಂದಿನ ಪ್ರಶ್ನೆ ಬರುವ ಮೊದಲೇ ಏಳುವುದರಲ್ಲಿ ಅವಳ ಜಾಣತನವಿದೆ.

ಇವತ್ತು ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಕಿತ್ತುಹೋಗಿ, ಪಿನ್ನಿಗಾಗಿ ಆ ಲೋಟಕ್ಕೆ ಕೈಹಾಕಿದೆ. ಬೆರಳು ತಗುಲಿ ಟಿಣ್ ಎಂದಿತು. ಅಂಗಿ ಹಾಗೇ ಉಳಿಯಿತು, ನಾನು ಇಲ್ಲಿ ಬರೆಯುತ್ತ ಕೂತೆ.

ವೈನು ಸವಿಯುವುದು ಹೇಗೆ ಎಂದು ನಿಮಗೆ ಹೇಳಿಕೊಡಬೇಕೆಂದಿದ್ದೇನೆ. ನಗಬೇಡಿ. ಈ ಜನ್ಮದಲ್ಲಿ ನಾನು ಕುಡಿದದ್ದು ಕಾಲು ಲೋಟ ವೈನು, ಹಿಡಿದ ಸಮಯ ಮೂರು ಸೆಕೆಂಡು. ಇಷ್ಟೇ ಅನುಭವದ ಮೇಲೆ ಉಪದೇಶ ಮಾಡುವುದು ತಪ್ಪೆನ್ನುವುದಾದರೆ ನಮ್ಮ ನಾಡಿನ ಅರ್ಧ ಭಾಷಣಗಳು ನಿಂತುಹೋದಾವು.

ಮೊದಲು ನೀರಿನ ವಿಷಯ ಹೇಳಬೇಕು. ನಮ್ಮ ಮನೆತನದಲ್ಲಿ ಲೋಟಕ್ಕೆ ತುಟಿ ಹಚ್ಚುವಂತಿಲ್ಲ. ಹಚ್ಚಿದರೆ ಎಂಜಲು. ಲೋಟವನ್ನು ಒಂದು ಗೇಣು ಮೇಲೆತ್ತಿ, ತಲೆ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು ನೀರನ್ನು ನೇರ ಗಂಟಲಿಗೆ ಬಿಡಬೇಕು. ಅವ್ವ ಇದನ್ನು ನನಗೆ ಕಲಿಸಿದ್ದು ಅಕ್ಷರಾಭ್ಯಾಸಕ್ಕೂ ಮೊದಲು. ಮೊದಮೊದಲು ಅರ್ಧ ನೀರು ಮೂಗಿಗೆ, ಅರ್ಧ ಎದೆಗೆ. ಆಮೇಲೆ ಎಂಥ ಪರಿಣತಿ ಬಂತೆಂದರೆ, ಮುದ್ದೇಬಿಹಾಳದ ಹೈಸ್ಕೂಲಿನಲ್ಲಿದ್ದಾಗ ಕುದಿಕುದಿ ಚಹಾವನ್ನೂ ಎತ್ತಿಯೇ ಕುಡಿಯುತ್ತಿದ್ದೆ. ಅಲ್ಲಿಯ ಜವಾನ ಒಮ್ಮೆ ತಡೆಯಲಾರದೆ ಕೇಳಿದ್ದ: "ಸರ, ನಿಮ್ಮ ಗಂಟಲಾ ತಗಡಿಂದ ಮಾಡ್ಯಾರೇನ್ರಿ?"

ತಗಡೇ ಇರಬೇಕು. ಯಾಕೆಂದರೆ ಎತ್ತಿ ಕುಡಿಯುವವನ ನಾಲಿಗೆಗೆ ಕೆಲಸವೇ ಇರುವುದಿಲ್ಲ. ಸಿಂದಗಿಗೆ ವರ್ಗವಾದಾಗ ನಮ್ಮ ಬಾಡಿಗೆ ಮನೆಯ ನೀರು ಸವಳು, ಬೇಳೆ ಕೂಡ ಬೇಯುತ್ತಿರಲಿಲ್ಲ ಎಂದು ಪದ್ಮಾ ಅಳುತ್ತಿದ್ದಳು. ನಾನು ದಿನಕ್ಕೆ ಹತ್ತು ಲೋಟ ಕುಡಿದೂ "ಛಲೋ ಅದಲ್ಲ?" ಎನ್ನುತ್ತಿದ್ದೆ. ಅವಳು ಯಂಕಂಚಿಯವಳು. ರೊಟ್ಟಿಯ ಒಂದು ತುತ್ತು ಬಾಯಿಗಿಟ್ಟು, ಇದು ನಮ್ಮೂರ ಎರೆಹೊಲದ ಜೋಳ, ಇದು ಪ್ಯಾಟಿಯಿಂದ ತಂದದ್ದು ಎಂದು ಬೇರೆ ಮಾಡುವವಳು. ಅಂಥವಳು ಈ ತಗಡಿನ ಗಂಟಲಿನ ಜೊತೆ ಮೂವತ್ತೈದು ವರ್ಷ ತೆಗೆದಿದ್ದಾಳೆ. ಅವಳು ಕಷ್ಟಪಟ್ಟು ಮಾಡಿದ ಸಾರಿಗೆ ನನ್ನಿಂದ ಬಂದ ಅತಿ ದೊಡ್ಡ ಪ್ರಶಂಸೆ, "ಬಿಸಿ ಅದ".

ಆದರೆ ದೇವರು ನನ್ನ ಪಾಲಿನ ಮೂಗು ನಾಲಿಗೆಗಳನ್ನು ಎಲ್ಲೂ ಕಳೆದಿರಲಿಲ್ಲ. ಒಟ್ಟುಗೂಡಿಸಿ ನನ್ನ ಮಗಳಿಗೆ ಕೊಟ್ಟಿದ್ದ.

ಮಗಳ ಹೆಸರು ವೈಜಯಂತಿ. ಮನೆಯಲ್ಲಿ ವೈಜು. ನಡೆಯುವ ಮೊದಲೇ ಮೂಸುವುದು ಕಲಿತ ಕೂಸು. ಬರೆಯುವ ಪಾಟಿಯನ್ನು ಮೂಸುವುದು, ಹೊಸ ಪುಸ್ತಕವನ್ನು ನಡುವೆ ಬಿಚ್ಚಿ ಮುಖ ಹುದುಗಿಸುವುದು, ಅಜ್ಜಿಯ ಸೆರಗು ಮೂಸಿ "ಅಜ್ಜಿ ಇವತ್ತ ಪೆಟಗಿ ತಗದಾಳ" ಎನ್ನುವುದು. ಬಾಗೇವಾಡಿಗೆ ವರ್ಗವಾಗಿ ಹೋದ ಮೊದಲ ದಿನ ನೀರಿನ ಲೋಟ ಹಿಡಿದು, "ಅಪ್ಪಾ, ಈ ನೀರಿಗೆ ಕಲ್ಲಿನ ವಾಸನಿ ಅದ" ಎಂದಳು. ನಾನು ವಿಜ್ಞಾನದ ಮಾಸ್ತರ. ನೀರಿಗೆ ಬಣ್ಣ, ರುಚಿ, ವಾಸನೆ ಇಲ್ಲವೆಂದು ಅಷ್ಟೊತ್ತಿಗೆ ಸಾವಿರ ಸಲ ಬೋರ್ಡಿನ ಮೇಲೆ ಬರೆದವನು. ಮಗಳಿಗೂ ಅದನ್ನೇ ಹೇಳಿದೆ. "ಬೋರ್ಡಿನ ನೀರಿಗೆ ಇರಂಗಿಲ್ಲಪ್ಪಾ, ಇದಕ್ಕದ" ಎಂದಳು.

ಆ ಮೂಗು ನನಗೆ ಮುಳುವಾದ ದಿನವೂ ಬಂತು. ಶ್ರಾವಣ ಮಾಸ. ಆಗ ನನಗೆ ಇಂಡಿಗೆ ವರ್ಗವಾಗಿ ಅವ್ವನ ಮನೆಗೆ ನಾವೆಲ್ಲ ಬಂದಿದ್ದೆವು. ನಾನು ಆಫೀಸಿನ ಕೆಲಸವೆಂದು ವಿಜಯಪುರಕ್ಕೆ ಹೋಗಿ ಬರುವಾಗ ಝಳಕಿಯಲ್ಲಿ ಬಸ್ಸು ನಿಂತಿತು. ಝಳಕಿಯಲ್ಲಿ ಬಸ್ಸು ನಿಂತರೆ ಭಜಿಯ ಬಾಣಲೆ ಸರಿಯಾಗಿ ಕಿಟಕಿಯ ಎದುರಿಗೇ ಬರುತ್ತದೆ. ಉಳ್ಳಾಗಡ್ಡಿ ಭಜಿ. ಮನುಷ್ಯ ಎಷ್ಟೆಂದು ತಡೆದಾನು? ತಿಂದೆ. ತಿಂದು ಬಾಯಿ ಮುಕ್ಕಳಿಸಿ, ಎರಡು ಲವಂಗ ಅಗಿದು, ಮುಖ ಗಂಭೀರ ಮಾಡಿಕೊಂಡು ಮನೆಗೆ ಬಂದೆ. ವೈಜು ಓಡಿಬಂದು ಕಾಲಿಗೆ ತೆಕ್ಕೆಬಿದ್ದಳು. ಅಂಗಿಗೆ ಮೂಗು ಹಚ್ಚಿದಳು. ಅವ್ವ ಅಲ್ಲೇ ಜಪಮಣಿ ಹಿಡಿದು ಕೂತಿದ್ದಳು.

"ಅಪ್ಪಾ, ನೀ ಝಳಕ್ಯಾಗ ಇಳದಿದ್ದಿ. ಭಜಿ ತಿಂದೀದಿ. ಉಳ್ಳಾಗಡ್ಡಿ!"

ಅವ್ವನ ಜಪಮಣಿ ನಿಂತಿತು. ನಲವತ್ತು ವರ್ಷದ ಹೆಡ್‌ಮಾಸ್ತರನಾದ ನಾನು ಆ ಹೊತ್ತಿನಲ್ಲಿ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಜನಿವಾರ ಬದಲಿಸಬೇಕಾಯಿತು. ಪದ್ಮಾ ಮೂಲೆಯಲ್ಲಿ ಸೆರಗು ಬಾಯಿಗಿಟ್ಟು ನಕ್ಕದ್ದನ್ನು ನಾನು ನೋಡಿಲ್ಲವೆಂದು ಅವಳು ಇವತ್ತಿಗೂ ತಿಳಿದಿದ್ದಾಳೆ.

ಇದನ್ನು ನಗೆಗೆಂದು ಹೇಳಿದೆ, ಸರಿ. ಇದಾದ ಹದಿನೈದು ದಿನಕ್ಕೆ ನಡೆದದ್ದರಲ್ಲಿ ನಗೆ ಇಲ್ಲ. ಆದರೆ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಶ್ರಾವಣ ಶನಿವಾರ. ಅವ್ವ ಮಡಿಯಲ್ಲಿ ಹಯಗ್ರೀವ ಮಾಡಿದ್ದಳು. ಕಡಲೆಬೇಳೆ, ಬೆಲ್ಲ, ಕೊಬ್ಬರಿ ಹಾಕಿ ಮಾಡುವ ಸಿಹಿ. ನೈವೇದ್ಯದ ಅಡಿಗೆಯನ್ನು ಮಾಡುವವರೂ ರುಚಿ ನೋಡುವಂತಿಲ್ಲ, ಮೂಸುವಂತಿಲ್ಲ. ಮೊದಲ ವಾಸನೆ ದೇವರದು. ಉಪ್ಪು, ಬೆಲ್ಲ ಎಲ್ಲ ಕೈ ಅಂದಾಜು. ಹೊರಗೆ ಊಟಕ್ಕೆ ಹೇಳಿದ್ದ ಹನ್ನೆರಡು ಮಂದಿ ಕೂತಿದ್ದರು. ಇನ್ನೇನು ನೈವೇದ್ಯ ಆಗಬೇಕು, ಅಡಿಗೆ ಮನೆಯಿಂದ ವೈಜುವಿನ ದನಿ ಸ್ಪಷ್ಟವಾಗಿ ಬಂತು:

"ಅಜ್ಜಿ, ಏಲಕ್ಕಿ ಭಾಳ ಆಗ್ಯಾವ!"

ಎಂಟು ವರ್ಷದ ಹುಡುಗಿ. ಒಂದು ಕೈಯಲ್ಲಿ ಮುಚ್ಚಳ, ಪಾತ್ರೆಯ ಮೇಲೆ ಮುಖ.

ಅವ್ವ ಪಾತ್ರೆಯನ್ನು ಹೊರಗಿಟ್ಟು ಮತ್ತೆ ಬೇಳೆ ಬೇಯಲಿಟ್ಟಳು. ಹನ್ನೆರಡು ಮಂದಿ ಮೂರು ಗಂಟೆಯವರೆಗೆ ಹಸಿದು ಕೂತರು. ನಾನು ವೈಜುವಿನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ಬೆನ್ನ ಮೇಲೆ ಎರಡು ಬಾರಿಸಿದೆ. "ನಾಯಿ ಹಂಗ ಮೂಸ್ತೀ? ಇನ್ನೊಮ್ಮೆ ಮೂಸಿದಿ ಅಂದ್ರ ಈ ಮೂಗ ಕೊಯ್ದು ಕೈಯಾಗ ಕೊಡ್ತೀನಿ!" ಎಂದೆ. ಆ ಎರಡು ಏಟಿನಲ್ಲಿ ಒಂದು ನೈವೇದ್ಯದ್ದು. ಇನ್ನೊಂದು ಝಳಕಿಯ ಭಜಿಯದು. ಅದು ನನಗೆ ಹೊಡೆಯುವಾಗಲೇ ಗೊತ್ತಿತ್ತು.

ಸಂಜೆ ಮೊದಲಿನ ಪಾತ್ರೆಯ ಹಯಗ್ರೀವವನ್ನು ಮನೆಮಂದಿ ತಿಂದೆವು. ಏಲಕ್ಕಿ ಎಷ್ಟು ಹೆಚ್ಚಾಗಿತ್ತೆಂದರೆ ನನ್ನ ತಗಡಿನ ಗಂಟಲಿಗೂ ತಿಳಿಯಿತು. ಅವ್ವನಿಗೆ ತಿಳಿಯಿತು. ಪದ್ಮಾಳಿಗೆ ತಿಳಿಯಿತು. ಯಾರೂ ಬಾಯಿಬಿಡಲಿಲ್ಲ. ವೈಜು ತಲೆ ತಗ್ಗಿಸಿಕೊಂಡು ತಿಂದಳು.

ಆಮೇಲೆ ಎಷ್ಟೋ ವರ್ಷ ಅವಳು ಅಡಿಗೆ ಮನೆಯ ಬಾಗಿಲು ದಾಟುವಾಗ ಎಡಗೈಯಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ನಾನು ನೋಡುತ್ತಿದ್ದೆ. "ಕೈ ತೆಗಿ" ಎನ್ನುವುದಕ್ಕೆ ಬಾಯಿ ಬರಲಿಲ್ಲ. ಅಪ್ಪನಾದವನು, ಅದರಲ್ಲೂ ಮಾಸ್ತರ, ತಪ್ಪಾಯಿತು ಎನ್ನುವ ಪದ್ಧತಿ ನಮ್ಮ ಕಡೆ ಇನ್ನೂ ಬಂದಿರಲಿಲ್ಲ.

ಮೂಗು ಮುಚ್ಚಿಕೊಂಡ ಹುಡುಗಿ ಬೆಳೆದು, ಧಾರವಾಡದಲ್ಲಿ ತೋಟಗಾರಿಕೆ ಓದಿ, ನಾಶಿಕದ ಕಡೆ ಹೋಗಿ ಎರಡು ವರ್ಷ ಏನೋ ಕಲಿತು, ಹೊರ್ತಿಯ ಆಚೆ ಒಂದು ದ್ರಾಕ್ಷಿ ತೋಟದಲ್ಲಿ ಕೆಲಸಕ್ಕೆ ಸೇರಿದಳು. ತೋಟದ ಜೊತೆ ಒಂದು ಕಾರ್ಖಾನೆ. ಪದ್ಮಾ ನೆಂಟರಿಗೆಲ್ಲ "ದ್ರಾಕ್ಷಿ ರಸದ ಫ್ಯಾಕ್ಟರಿ" ಎಂದು ಹೇಳಿದಳು. ರಸಕ್ಕೆ ಆಮೇಲೆ ಏನಾಗುತ್ತದೆ ಎಂದು ನೆಂಟರು ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾಲ್ಕು ವರ್ಷ ಅವಳು ಪ್ರತಿ ಆದಿತ್ಯವಾರ ಬರುತ್ತಿದ್ದಳು. ನಾನು ಹವಾಮಾನದ ಬಗ್ಗೆ ಕೇಳುತ್ತಿದ್ದೆ. ಅವಳ ಕೆಲಸದ ಮಾತು ತೆಗೆಯುವುದೆಂದರೆ ಮೂಗಿನ ಮಾತು ತೆಗೆಯುವುದು. ಮೂಗಿನ ಮಾತು ತೆಗೆದರೆ ಹಿತ್ತಲಿಗೆ ಹೋಗಬೇಕಾಗುತ್ತಿತ್ತು.

ಹೋದ ಚಳಿಗಾಲದ ಒಂದು ಆದಿತ್ಯವಾರ ಅವಳೇ ತೆಗೆದಳು.

"ಅಪ್ಪಾ, ಈ ಸಲದ ಒಂದು ವೈನು ಪೂರಾ ನಾನ ಮಾಡೀನಿ. ದ್ರಾಕ್ಷಿ ಆರಿಸಿದ್ದರಿಂದ ಹಿಡದು ಎಲ್ಲಾ. ಬರೋ ಶನಿವಾರ ಅದನ್ನ ತಗೀತಾರ. ಕೆಲಸಗಾರರ ಮನಿಯವರನೆಲ್ಲಾ ಕರದಾರ. ನೀ ಬಾ."

"ನಾ ಬಂದು ಏನ್ ಮಾಡ್ಲಿ? ನಾ ಏನ್ ಕುಡಿಯಂವೇನು?"

"ಕುಡೀಬ್ಯಾಡ. ಲೋಟ ಹಿಡಿ, ಮೂಸು. ಏನ್ ನೆನಪಾಗ್ತದ, ಒಂದು ಮಾತು ಹೇಳು. ಬ್ಯಾರೆಯವರು ನೂರು ಮಾತು ಹೇಳ್ತಾರ. ನನಗ ನಿಂದು ಒಂದು ಬೇಕು."

ಮೂವತ್ತು ವರ್ಷದ ಮಗಳು, ಕೇಳುವಾಗ ಪಡಸಾಲೆಯ ನೆಲ ನೋಡುತ್ತಿದ್ದಳು. ಬರುತ್ತೇನೆ ಎಂದುಬಿಟ್ಟೆ. ಅನ್ನುವಾಗಲೇ ಒಳಗೊಂದು ಯೋಚನೆ ಬಂತು: ಆ ಹಳೆಯ ಮಾತನ್ನೂ ಅಲ್ಲೇ ಹೇಳಿ ಮುಗಿಸಬೇಕು.

ಪದ್ಮಾ ಅಡಿಗೆ ಮನೆಯಿಂದಲೇ ಒಂದು ಶ್ಲೋಕದ ತುಂಡು ಎಸೆದಳು: "ಆಘ್ರಾಣಂ ಅರ್ಧ ಭೋಜನಂ ಅಂತಾರರಿ. ಮೂಸಿದ್ರ ಅರ್ಧ ಕುಡದಂಗ."

ಈ ಅರ್ಧದ ಪ್ರಶ್ನೆಯನ್ನು ನಾನು ದಸ್ತಗೀರಸಾಬರ ಹತ್ತಿರ ಒಯ್ದೆ. ದಸ್ತಗೀರಸಾಬರು ಇಂಡಿಯ ನಿಂಬೆ ವ್ಯಾಪಾರಿ, ನನ್ನ ನಲವತ್ತು ವರ್ಷದ ಗೆಳೆಯ, ಐದು ಹೊತ್ತಿನ ನಮಾಜು ತಪ್ಪದವರು. ಅಂದರೆ ನೋಡಿ, ಇಡೀ ಇಂಡಿ ತಾಲೂಕಿನಲ್ಲಿ ವೈನಿಗೆ ಅತಿ ದೂರದ ಇಬ್ಬರು ಮನುಷ್ಯರು ನಿಂಬೆಯ ಚೀಲಗಳ ಮೇಲೆ ಕೂತು ವೈನಿನ ವಿಚಾರ ನಡೆಸಿದೆವು.

"ಅರ್ಧ ಅಂದ್ರ ಐವತ್ತು ಮಾರ್ಕಾತು" ಎಂದರು ಅವರು ಗಡ್ಡ ನೀವುತ್ತ. "ಮೂವತ್ತೈದಕ್ಕ ಪಾಸ್ ಮಾಡ್ತಿದ್ರಲ್ರಿ ಮಾಸ್ತರ ನೀವು? ದೇವರು ಪಾಸ್ ಮಾಡ್ಲಿಕ್ಕಿಲ್ಲೇನು? ಮಗಳು ಕರದಾಳ, ಹೋಗ್ರಿ. ನಾನೂ ಜೋಡಿಗಿ ಬರ್ತೇನಿ. ಆದ್ರ ನಾ ಹಣ್ಣಿನ ತನಕ ಅಷ್ಟ. ರಸದ ತನಕ ನೀವೊಬ್ಬರ ಹೋಗ್ರಿ."

ಶನಿವಾರಕ್ಕೆ ಇನ್ನೂ ಆರು ದಿನ. ಮೂಸುವುದನ್ನು ಕಲಿಯಬೇಕಾಗಿತ್ತು. ದಸ್ತಗೀರಸಾಬರೇ ಗುರುಗಳು. ನಿಂಬೆಕಾಯಿಯೊಂದನ್ನು ಹೆಬ್ಬೆರಳ ಉಗುರಿನಿಂದ ಒಂದಿಷ್ಟೇ ಕೆರೆದು, ಕಣ್ಣು ಮುಚ್ಚಿ ಮೂಗಿಗೆ ಹಿಡಿದು, "ಹರಿದು ಮೂರು ದಿನಾ ಆಗೈತಿ. ಗಿಡಕ್ಕ ನೀರು ಹೆಚ್ಚಾಗೈತಿ. ರಸ ಐತಿ, ಕಸುವಿಲ್ಲ" ಎಂದರು. ನನ್ನ ಕೈಗೆ ಕೊಟ್ಟರು. ನಾನೂ ಕೆರೆದೆ, ಕಣ್ಣು ಮುಚ್ಚಿದೆ, ಎಳೆದೆ.

"ಏನ್ ಬರ್ತೈತ್ರಿ?"

"ನಿಂಬಿಕಾಯಿ ವಾಸನಿ."

"ಮಾಸ್ತರ, ನಿಂಬಿಕಾಯಿ ನಿಂಬಿಕಾಯಿ ವಾಸನಿ ಬರ್ತೈತಿ ಅಂತ ಹೇಳಾಕ ನಿಮಗ ಪೆನ್ಶನ್ ಕೊಡ್ತಾರೇನ್ರಿ?"

ಮೂರನೆಯ ದಿನ ವೈಜು ಫೋನಿನಲ್ಲಿ ಪಾಠ ಹೇಳಿದಳು. ಮೊದಲು ಬಣ್ಣ ನೋಡಬೇಕು, ಬಿಳಿ ಬಟ್ಟೆಯ ಮುಂದೆ ಹಿಡಿದು. ಆಮೇಲೆ ಲೋಟವನ್ನು ಮೆಲ್ಲಗೆ ಗಿರಿಗಿರಿ ತಿರುಗಿಸಬೇಕು, ವಾಸನೆ ಏಳುತ್ತದೆ. ಆಮೇಲೆ ಮೂಗನ್ನು ಲೋಟದೊಳಗೇ ಇಳಿಸಬೇಕು. ನಾಚಬಾರದು. ಕುಡಿಯುವವರು ಒಂದು ಚಮಚೆಯಷ್ಟು ಬಾಯಿಗೆ ತೆಗೆದುಕೊಂಡು, ನಾಲಿಗೆಯ ಮೇಲೆಲ್ಲ ಆಡಿಸಿ, ಆಮೇಲೆ ಉಗುಳುತ್ತಾರೆ. ನನಗೆ ತಲೆ ತಿರುಗಿತು. "ಉಗುಳೂದಿದ್ರ ಮಾಡೂದ ಯಾಕ?" ಎಂದೆ. "ನೀ ಮೂವತ್ತೈದು ವರ್ಷ ಕಲಿಸಿದ್ದೆಲ್ಲಾ ಹುಡುಗ್ರು ನುಂಗ್ಯಾರೇನಪ್ಪಾ?" ಎಂದಳು.

ತಿರುಗಿಸುವ ಅಭ್ಯಾಸವನ್ನು ಮನೆಯಲ್ಲಿ ಚಹಾದ ಬಶಿಯಿಂದ ಶುರುಮಾಡಿದೆ. ಚಹಾ ಪೂರ್ತಿ ಪದ್ಮಾ ಒಗೆದಿಟ್ಟ ಬಿಳಿ ಪಾತಳ ಸೀರೆಯ ಮೇಲೆ ಹೋಯಿತು. "ಇದರ ಬಣ್ಣ ನೋಡ್ರಿ ಈಗ, ಬಿಳಿ ಬಟ್ಟಿ ಮ್ಯಾಲ ಅದ" ಎಂದಳು. ಆದರೂ ಶುಕ್ರವಾರದ ಹೊತ್ತಿಗೆ ಸ್ಟೀಲಿನ ಲೋಟದಲ್ಲಿ ನಿಂಬೆಯ ಪಾನಕ ತಿರುಗಿಸಿ, ಮೂಗು ಇಳಿಸಿ, "ಸ್ವಲ್ಪ ಕಹಿ ಅದ, ಸಿಪ್ಪಿ ಬಿದ್ದದ" ಎನ್ನುವಷ್ಟು ವಿದ್ಯೆ ಬಂತು. ದಸ್ತಗೀರಸಾಬರು "ಶಾಬಾಸ್" ಎಂದರು. ವಿದ್ಯೆಯೆಲ್ಲ ಮೂಸುವುದರದು. ಲೋಟವನ್ನು ಬಾಯಿಯ ಕಡೆ ಒಯ್ಯುವ ಪ್ರಶ್ನೆಯೇ ಇರಲಿಲ್ಲವಲ್ಲ, ಹಾಗಾಗಿ ಅದರ ಬಗ್ಗೆ ಗುರು, ಶಿಷ್ಯ ಯಾರೂ ಯೋಚಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಝಳಕಿಯಲ್ಲಿ ಚಹಾಕ್ಕೆ ನಿಂತಾಗ ಭಜಿಯ ಬಾಣಲೆಗೆ ಬೆನ್ನು ಮಾಡಿ ಕೂತೆ. ಹೊರ್ತಿ ದಾಟಿ ತೋಟ ಮುಟ್ಟಿದಾಗ ಹನ್ನೊಂದು. ಬಳ್ಳಿಗಳ ಸಾಲು ಕಣ್ಣು ಹೋಗುವವರೆಗೂ ಇತ್ತು. ದಸ್ತಗೀರಸಾಬರು ಮಾತಿನಂತೆ ಹಣ್ಣಿನ ಹತ್ತಿರವೇ ನಿಂತರು. ನನ್ನ ಹೆಗಲು ತಟ್ಟಿ, "ಐವತ್ತು ಮಾರ್ಕು ಅಷ್ಟ ಮಾಸ್ತರ, ನೆನಪಿರ್ಲಿ" ಎಂದು ಒಂದು ಗೊಂಚಲಿನ ಕೆಳಗೆ ಕೂತುಬಿಟ್ಟರು.

ಒಳಗೆ ದೊಡ್ಡ ಕೋಣೆ, ಉದ್ದ ಮೇಜು, ಮೇಲೆ ಬಿಳಿ ಬಟ್ಟೆ. ಸುಮಾರು ಮೂವತ್ತು ಮಂದಿ. ಹೊರಗಿನಿಂದ ಬಂದ ನಾಲ್ಕೈದು ಪರೀಕ್ಷಕರು ವಹಿ, ಪೆನ್ನು ಹಿಡಿದು ಕೂತಿದ್ದರು. ಅವರ ಮುಖ್ಯಸ್ಥರಾದ ಹಿರಿಯರೊಬ್ಬರು ಸೊಲ್ಲಾಪುರದ ಕಡೆಯವರು, ಕನ್ನಡ ಮರಾಠಿ ಎರಡೂ ಕಲಸಿ ಮಾತಾಡುವವರು. ವೈಜು ಬಿಳಿ ಕೋಟು ಹಾಕಿಕೊಂಡು ಲೋಟಗಳಿಗೆ ವೈನು ಬಗ್ಗಿಸುತ್ತಿದ್ದಳು. ಎಲ್ಲರಿಗೂ ಕಾಲು ಲೋಟ. ನನಗೂ ಅಷ್ಟೇ.

"ವೈಜಯಂತಿಯ ತಂದೆಯವರು ಬಂದಾರ" ಎಂದು ಹಿರಿಯರು ಎದ್ದುನಿಂತು ಕೈಮುಗಿದರು. "ಇವತ್ತು ಶುರುವಾತ್ ನೀವ ಮಾಡ್ರಿ ಸರ. ಒಂದು ಮಾತು ಹೇಳ್ರಿ."

ಮೂವತ್ತು ಮಂದಿ ನನ್ನನ್ನೇ ನೋಡಿದರು. ಬಣ್ಣ ನೋಡಿದೆ, ದಾಳಿಂಬೆಯ ಕೆಂಪು. ತಿರುಗಿಸಿದೆ, ಚೆಲ್ಲಲಿಲ್ಲ. ಇನ್ನು ಮೂಗು ಇಳಿಸುವುದೊಂದೇ ಬಾಕಿ. ಅಷ್ಟರಲ್ಲಿ ಪಕ್ಕದವರು ಯಾರೋ ಮರ್ಯಾದೆಗೆ, "ತಗೋರಿ ಸರ, ತಗೋರಿ" ಎಂದರು.

ಅರವತ್ತೆರಡು ವರ್ಷ "ತಗೋರಿ" ಎಂದಾಗ ಈ ಕೈ ಒಂದೇ ಕೆಲಸ ಮಾಡಿದೆ. ಲೋಟ ಒಂದು ಗೇಣು ಮೇಲೇರಿತು. ತಲೆ ಹಿಂದೆ ಬಾಗಿತು. ಬಾಯಿ ತೆರೆಯಿತು. ಒಂದು ಹನಿಯೂ ತುಟಿಗೆ ತಾಕದಂತೆ, ನಾಲಿಗೆಗೂ ಸುದ್ದಿ ಮುಟ್ಟದಂತೆ, ನನ್ನ ಮಗಳ ಒಂದು ವರ್ಷದ ದುಡಿಮೆ ಸುರ್ರನೆ ಗಂಟಲಿನಲ್ಲಿ ಇಳಿದುಹೋಯಿತು.

ಅಯ್ಯೋ ರಾಮರಾಯ! ಮೂಸುವುದಷ್ಟೇ ಎಂದು ಬಂದವನು ಮೂಸದೇ ಕುಡಿದೆ. ಎಂಜಲು ಮಾತ್ರ ಆಗಲಿಲ್ಲ.

ಲೋಟ ಮೇಜಿನ ಮೇಲಿಟ್ಟಾಗ ಟಿಣ್ ಎಂದಿತು. ಹಿಂದೆ ಯಾರೋ, "ಮಾಸ್ತರು ಪಕ್ಕಾ ಅದಾರಲೇ, ಗಾಜಿಗಿ ಬಾಯಿನೂ ಹಚ್ಚಲಿಲ್ಲ" ಎಂದದ್ದು ಕೇಳಿತು. ಪರೀಕ್ಷಕರಲ್ಲಿ ಒಬ್ಬರು ಹೊಸ ವಿಧಾನವಿರಬೇಕೆಂದು ವಹಿಯಲ್ಲಿ ಬರೆದುಕೊಂಡರು. ವೈಜುವಿನ ಮುಖ ನೋಡಿದೆ. ನಗುತ್ತಿರಲಿಲ್ಲ. ಬಾಟಲಿ ಹಿಡಿದುಕೊಂಡು ಹಾಗೇ ನಿಂತಿದ್ದಳು. ಅಪ್ಪನಿಗೆ ಇದೂ ಬಸ್‌ಸ್ಟ್ಯಾಂಡಿನ ನೀರೇ ಎಂದು ಅವಳಿಗೆ ಅನ್ನಿಸಿರಬೇಕು. ಅವಳು ಕೇಳಿದ್ದು ಒಂದು ಮಾತು. ಅದನ್ನೂ ನಾನು ನುಂಗಿಬಿಟ್ಟಿದ್ದೆ.

"ಹೇಳ್ರಿ ಸರ, ಏನ್ ಅನಸ್ತು?" ಎಂದರು ಹಿರಿಯರು.

ಉಸಿರು ಬಿಟ್ಟೆ. ಹೆದರಿಕೆಗೆ ಅಷ್ಟು ಹೊತ್ತು ಕಟ್ಟಿಹಿಡಿದ ಉಸಿರು ಅದು. ಬಿಟ್ಟ ಉಸಿರಿನ ಹಿಂದೆ ಗಂಟಲಿನಿಂದ ಮೂಗಿಗೆ ವಾಸನೆಯೊಂದು ಬೆಚ್ಚಗೆ ಏರಿ ಬಂತು. ಏನೆಂದು ಹೇಳಲಿ? ನನಗೆ ಈ ವಿದ್ಯೆ ಇಲ್ಲ. ಅದರಲ್ಲಿ ಹಣ್ಣಿತ್ತು, ಬೆಲ್ಲದಂಥದೇನೋ ಇತ್ತು, ಮುಚ್ಚಿಟ್ಟ ಪಾತ್ರೆಯ ಬಿಸಿ ಇತ್ತು. ಏನು ನೆನಪಾಗುತ್ತದೆ ಅದನ್ನು ಹೇಳು ಎಂದಿದ್ದಳಲ್ಲ. ನನಗೆ ನೆನಪಾದದ್ದು ಒಂದೇ: ಒಂದು ಕೈಯಲ್ಲಿ ಮುಚ್ಚಳ ಹಿಡಿದ ಎಂಟು ವರ್ಷದ ಹುಡುಗಿ.

ಹಿರಿಯರ ಕಡೆ ನೋಡದೆ, ಅವಳ ಕಡೆಯೇ ನೋಡಿ ಹೇಳಿದೆ:

"ವೈಜು, ಅವತ್ತಿನ ಹಯಗ್ರೀವದಾಗ ಏಲಕ್ಕಿ ಹೆಚ್ಚಾಗಿತ್ತು. ನೀ ಖರೇನ ಹೇಳಿದ್ದಿ. ನಾ ಹೊಡೀಬಾರದಿತ್ತು, ತಪ್ಪಾತು."

ಬಾಟಲಿಯನ್ನು ಅವಳು ಮೆಲ್ಲಗೆ ಮೇಜಿನ ಮೇಲಿಟ್ಟಳು. ಇತ್ತ ಪರೀಕ್ಷಕರೆಲ್ಲ ಗಡಬಡಿಸಿ ಲೋಟದೊಳಗೆ ಮೂಗು ಇಳಿಸಿದರು. "ಹೌದಲ್ಲ, ಕಡೀಕೆ ಒಂದಿಷ್ಟು ಏಲಕ್ಕಿ ಸುಳೀತದ" ಎಂದರು ಒಬ್ಬರು. "ಒಂದಿಷ್ಟಲ್ಲ, ಛಲೋನ ಅದ" ಎಂದರು ಇನ್ನೊಬ್ಬರು. ಮೂರು ವಹಿಗಳಲ್ಲಿ ಏಲಕ್ಕಿ ದಾಖಲಾಯಿತು. ಹಯಗ್ರೀವ ಎಂದರೇನೆಂದು ಸೊಲ್ಲಾಪುರದ ಹಿರಿಯರು ಪಕ್ಕದವರಿಗೆ ಮರಾಠಿಯಲ್ಲಿ ವಿವರಿಸತೊಡಗಿದರು.

ವೈಜು ನನ್ನ ಹತ್ತಿರ ಬಂದಳು. ಕಣ್ಣು ತುಂಬಿದ್ದವು, ಆದರೆ ತುಟಿಯ ಮೂಲೆಯಲ್ಲಿ ಅವಳ ಅವ್ವನ ನಗೆ.

"ಇಪ್ಪತ್ತೆರಡು ವರ್ಷ ಬೇಕಾತೇನಪ್ಪಾ, ಏಲಕ್ಕಿ ರುಚಿ ಹತ್ಲಿಕ್ಕೆ?"

"ಎತ್ತಿ ಕುಡಿಯಾಂವರಿಗೆ ತಡಾ ಆಗ್ತದವ್ವಾ" ಎಂದೆ.

ಆ ಲೋಟವನ್ನು ಕಾಗದದಲ್ಲಿ ಸುತ್ತಿ ಅವಳೇ ನನ್ನ ಚೀಲದಲ್ಲಿ ಹಾಕಿದಳು. ಅದೇ ಬಹುಮಾನ. ಹೊರಗೆ ಬಂದಾಗ ದಸ್ತಗೀರಸಾಬರು ಬಳ್ಳಿಯ ಕೆಳಗಿನಿಂದ ಎದ್ದು ಬಂದರು. ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ಮೂಗು ಅರಳಿಸಿದರು. ನಿಂಬೆಯ ವಯಸ್ಸು ಹೇಳುವ ಮೂಗಿಗೆ ನಾನು ಯಾವ ಲೆಕ್ಕ?

"ಐವತ್ತು ಅಂದಿದ್ದೆ. ನೂರಕ್ಕ ನೂರು ತಗೊಂಡ್ರಲ್ರಿ ಮಾಸ್ತರ!"

ಮನೆಯಲ್ಲಿ ನಡೆದದ್ದು ನಿಮಗೆ ಬೇಡ. ತಲೆಗೆ ನೀರು, ಹೊಸ ಜನಿವಾರ, ಒಂದು ಸಾವಿರದ ಎಂಟು ಗಾಯತ್ರಿ. ನಡುನಡುವೆ ಪದ್ಮಾ ಬಂದು, "ಖರೇ ಹೇಳ್ರಿ, ತಪ್ಪಾತು ಅಂದ್ರೇನು? ಮಂದಿ ಮುಂದ?" ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಹೌದೆಂದೆ. ಪ್ರಾಯಶ್ಚಿತ್ತದ ಅಡಿಗೆಗೆ ಯಾಕೋ ಎರಡು ಪಲ್ಯ ಮಾಡಿದ್ದಳು. ನಾನು ತುತ್ತನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, "ಮೆಂತ್ಯ ಹದಾ ಆಗೇದ" ಎಂದೆ. ಅವಳು ಹುಳಿಯ ಸೌಟನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು.

ಮೊನ್ನೆ ಶ್ರಾವಣ ಶನಿವಾರ ವೈಜು ಬಂದಿದ್ದಳು. ಅವ್ವ ತೀರಿಹೋಗಿ ಬಹಳ ವರ್ಷವಾಯಿತು, ಈಗ ಮಡಿ ಅಡಿಗೆ ಪದ್ಮಾಳದು. ಹಯಗ್ರೀವದ ಪಾತ್ರೆ ಒಲೆಯ ಪಕ್ಕ ಮುಚ್ಚಿಟ್ಟಿತ್ತು. ನೈವೇದ್ಯಕ್ಕೆ ಇನ್ನೂ ಹತ್ತು ನಿಮಿಷ. ಅಡಿಗೆ ಮನೆಯ ಬಾಗಿಲ ತನಕ ಬಂದ ವೈಜು ಅಲ್ಲೇ ನಿಂತಳು. ಎಡಗೈ ತಾನಾಗಿಯೇ ಮೂಗಿನ ಕಡೆ ಏಳುತ್ತಿತ್ತು.

ಪದ್ಮಾ ನನ್ನ ಮುಖ ನೋಡಿದಳು. "ತುಳಸಿ ತರೋದು ಮರತೆ" ಎಂದು ಹಿತ್ತಲಿಗೆ ಹೋದಳು. ತುಳಸಿ ತಟ್ಟೆಯಲ್ಲೇ ಇತ್ತು. ನಾನು ಪಾತ್ರೆಯ ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ಗೋಡೆಯ ಪಂಚಾಂಗದ ಕಡೆ ಮುಖ ಮಾಡಿ ನಿಂತೆ. ನಾನು ಏನನ್ನೂ ನೋಡಲಿಲ್ಲ. ದೇವರು ನೋಡಿದ್ದರೆ ಅದು ಅವನ ವಿಚಾರ. ಮೂವತ್ತೈದಕ್ಕೆ ನಾನೂ ಎಷ್ಟೋ ಮಂದಿಯನ್ನು ಪಾಸು ಮಾಡಿದ್ದೇನೆ.

ಬೆನ್ನ ಹಿಂದೆ ಉದ್ದಕ್ಕೆ ಒಂದು ಉಸಿರು ಒಳಗೆ ಹೋದದ್ದು ಕೇಳಿಸಿತು.

"ಅಪ್ಪಾ," ಎಂದಳು ವೈಜು, "ಏಲಕ್ಕಿ ಕಡಿಮಿ ಆಗ್ಯಾವ."

ಡಬ್ಬಿ ತೆಗೆದು ಕೊಟ್ಟೆ.